ಆಟಕ್ಕೂ ಒಂದು ಹಂಗಾಮು ಬೇಕು

ಬಿತ್ತಿದ ಮರುದಿನವೇ ರಾಶಿ ಮಾಡಹೊರಟ ಒಕ್ಕಲಿಗನನ್ನು ಕಂಡರೆ ಊರೆಲ್ಲ ನಗುವದು. ಆದರೆ ಕಾಲೇಜುಗಳ ಕಾಲ್ಚೆಂಡಿನಾಟದ ವಿಷಯದಲ್ಲಿ ಹಲವೆಡೆ ನಡೆಯುತ್ತಿರುವದು ಇದೇ. ಅಂತರ್‌ಕಾಲೇಜು ಪಂದ್ಯಗಳು ಬಂದವೆಂದರೆ ಹನ್ನೊಂದು ಜನ ಹುಡುಗರನ್ನು ಅವಸರದಿಂದ ಕೂಡಿಸುವದು. ಮೊದಲನೆಯ ಪಂದ್ಯದಲ್ಲಿಯೇ ಸೋತು ಅವರು ಸಂಜೆಯ ಬಸ್ಸಿಗೆ ಮರಳುವದು. ಮುಂದಿನ ವರ್ಷದ ವರೆಗೆ ಚೆಂಡು ಕಪಾಟು ಸೇರುವದು. ಬಳಿಕ ನಮ್ಮ ಹುಡುಗರಲ್ಲಿ ಕಸುವಿಲ್ಲವೆಂದು ನಾವೇ ಹಳಿಯುತ್ತೇವೆ.

ಕಲಕತ್ತೆಯ ಒಂದು ದೃಷ್ಟಾಂತವನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. 1911ರ ಜುಲೈ 29ರಂದು ಮೋಹನ ಬಗಾನ ಸಂಘವು ಈಸ್ಟ್ ಯಾರ್ಕ್‌ಶಾಯರ್ ಪಲ್ಟಣಿನ ಗೋರಾ ತಂಡವನ್ನು 2-1ರಿಂದ ಸೋಲಿಸಿ ಶೀಲ್ಡನ್ನು ಗೆದ್ದಿತು. ಆ ಹನ್ನೊಂದು ಜನರಲ್ಲಿ ಹತ್ತು ಜನರು ಬರಿಗಾಲಿನವರು. ಬೂಟು ತೊಟ್ಟವರು ಅಧ್ಯಾಪಕರಾಗಿದ್ದ ಸುಧೀರ ಚಟರ್ಜಿಯವರೊಬ್ಬರೇ. ಆಳುವವರ ಸರಿಸಮಕ್ಕೆ ನಿಲ್ಲಬಲ್ಲೆವೆಂಬ ಧೈರ್ಯವನ್ನು ಈ ಗೆಲವು ದೇಶಕ್ಕೆ ಕೊಟ್ಟಿತು. ಶೀಲ್ಡಿನಲ್ಲಿಯೂ ಸೋತವರು ಅಂದೇ ಹೊರಬೀಳುವ ಕ್ರಮವಿತ್ತು, ನಿಜ. ಆದರೆ ಆ ಸಂಘವು ಹುಟ್ಟಿದ್ದು 1889ರಲ್ಲಿ. 1906ರಿಂದ 1908ರ ವರೆಗೆ ಮೂರು ವರ್ಷ ಸತತವಾಗಿ ಟ್ರೇಡ್ಸ್ ಕಪ್ಪನ್ನು ಗೆದ್ದು ಅದು ಪಳಗಿತ್ತು. ಆದುದರಿಂದಲೇ 1911ರಲ್ಲಿ ಮಿಡ್ಲ್‌ಸೆಕ್ಸ್ ಪಲ್ಟಣಿನೊಡನೆ 1-1ರಿಂದ ಸಮವಾದಾಗಲೂ ಎದೆಗುಂದದೆ ಮರುಪಂದ್ಯವನ್ನು 3-0ಯಿಂದ ಗೆದ್ದಿತು. ಒಂದು ದಿನದ ಗೆಲವಿನ ಹಿಂದೆ ಇಪ್ಪತ್ತೆರಡು ವರ್ಷಗಳ ಬೇಸಾಯವಿತ್ತು.

ಕನ್ನಡ ನಾಡಿನ ಅನುಭವವೂ ಇದೇ. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವೆಂಬ ಕೀರ್ತಿಯು ಬೆಂಗಳೂರು ಮುಸ್ಲಿಮ್ಸ್ ಸಂಘಕ್ಕೆ ಸಂದಿತು. ಮರುವರ್ಷವೂ ಅದೇ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ರಾಮನ್ನರು.

ಕೃಷ್ಣಾ ಘಟಪ್ರಭೆಗಳ ತೀರದ ನಮ್ಮ ಹುಡುಗರು ಇವರಿಗಿಂತ ಕಡಿಮೆಯವರೇ? ಗರಡಿಯ ಮಣ್ಣು ಇಲ್ಲಿ ಇನ್ನೂ ಆರಿಲ್ಲ. 1902ರಲ್ಲಿ ಜಮಖಂಡಿಯಲ್ಲಿ ಮ್ಯಾಟ್ರಿಕ್ ಮುಗಿಸಿದ ರಾ. ದ. ರಾನಡೆಯವರು ಕಾಲೇಜಿಗಾಗಿ ಪುಣೆಗೆ ಹೋಗಬೇಕಾಯಿತು. ಇಂದು ಕಾಲೇಜುಗಳು ನಮ್ಮ ಊರುಗಳಲ್ಲಿಯೇ ಇವೆ. ಇಲ್ಲದಿರುವದು ಆಟದ ಹಂಗಾಮೊಂದೇ.

ಆದುದರಿಂದ ನಮ್ಮ ಸೂಚನೆ ಇಷ್ಟು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಂದ ಒಂದೊಂದು ಕಾಲೇಜು ತಂಡವು ನಿಲ್ಲಲಿ. ಪ್ರತಿಯೊಂದು ತಂಡವು ಉಳಿದ ಮೂರರೊಡನೆ ಒಮ್ಮೆ ತನ್ನೂರಲ್ಲಿ, ಒಮ್ಮೆ ಅವರೂರಲ್ಲಿ ಆಡಲಿ. ಒಟ್ಟು ಹನ್ನೆರಡು ಪಂದ್ಯಗಳು. ರವಿವಾರಕ್ಕೆ ಎರಡರಂತೆ ಆರು ರವಿವಾರಗಳಲ್ಲಿ ಮುಗಿಯುವವು. ಮಳೆಗಾಲದಲ್ಲಿ ಎರೆಮಣ್ಣು ಕಾಲು ಕಚ್ಚುವದು, ಬೇಸಿಗೆಯಲ್ಲಿ ಬಿಸಿಲು ಸುಡುವದು. ದೀಪಾವಳಿಯಿಂದ ಶಿವರಾತ್ರಿಯ ವರೆಗಿನ ಕಾಲವೇ ಪ್ರಶಸ್ತ. ಸೋತ ತಂಡಕ್ಕೆ ಮುಂದಿನ ರವಿವಾರ ಉಂಟೆಂಬುದೇ ಈ ಕ್ರಮದ ಮುಖ್ಯ ಗುಣ. ಸೋಲನ್ನು ತಿದ್ದಿಕೊಳ್ಳುವ ಅವಕಾಶವಿಲ್ಲದೆ ಆಟಗಾರನು ತಯಾರಾಗಲಾರನು.

ಪರೀಕ್ಷೆಗೆ ಹಾನಿಯೆಂದು ಪಾಲಕರು ಅಂಜಬಹುದು. ಆರು ರವಿವಾರಗಳಿಂದ ಕೆಡುವ ಅಭ್ಯಾಸವು ಆಟವಿಲ್ಲದೆಯೂ ಕೆಡುವಂಥದೇ. ಖರ್ಚಿನ ಪ್ರಶ್ನೆಯು ಮಾತ್ರ ನಿಜವಾದದ್ದು. ಬನಹಟ್ಟಿಯ ಮಗ್ಗದ ಮನೆಯ ಹುಡುಗನು ಒಂದು ದಿನದ ಗಳಿಕೆಯನ್ನು ಬಿಟ್ಟು ಬರುವನು. ಬೀಳಗಿಯವನು ಆಲಮಟ್ಟಿಯ ಹಿನ್ನೀರಿನಿಂದ ನೆಲೆ ತಪ್ಪಿದ ಮನೆಯವನಿದ್ದಾನು. ಅವರ ಬಸ್ಸಿನ ಹಣವನ್ನೂ ಊಟವನ್ನೂ ಊರ ವರ್ತಕರು ವಹಿಸಿಕೊಳ್ಳುವದು ಉಪಕಾರವಲ್ಲ, ಕರ್ತವ್ಯ. ಅಧಿಕಾರಿಗಳಲ್ಲಿ ನಮ್ಮ ವಿನಂತಿ ಒಂದೇ: ಊರಿಗೊಂದು ಮೈದಾನವು ಆಟಕ್ಕಾಗಿಯೇ ಉಳಿಯಲಿ, ಸಭೆ, ಸಂತೆ, ವಾಹನಗಳಿಗೆ ಬೇರೆ ಸ್ಥಳ ನೋಡಲಿ.

ಪ್ರತಿ ಪಂದ್ಯದ ವಿವರವನ್ನೂ ವಹಿಯಲ್ಲಿ ಬರೆದಿಡತಕ್ಕದ್ದು. ಆಡಿದವರ ಹೆಸರು ಊರಿನ ನೆನಪಿನಲ್ಲಿ ನಿಂತರೆ, ಮುಂದಿನವರು ಅದನ್ನು ಮೀರಿಸಲು ಮೈದಾನಕ್ಕಿಳಿಯುವರು. ಬರುವ ದೀಪಾವಳಿಗೇ ಬಿತ್ತನೆಯಾಗಲಿ; ರಾಶಿಯ ದಿನವು ತಾನಾಗಿಯೇ ಬರುವದು.