ಬರವಣಿಗೆ ಯಾರ ಪಾಠ?

ಕಾಲೇಜಿನಲ್ಲಿ ವಿಜ್ಞಾನವನ್ನೋ ವಾಣಿಜ್ಯವನ್ನೋ ಆರಿಸಿಕೊಂಡವರಿಗೆ ಬರವಣಿಗೆಯ ತೊಡಕು ತಪ್ಪಿತೆಂಬುದು ಅನೇಕರ ನಂಬಿಕೆ. ಪ್ರಬಂಧ ಬರೆಯುವುದು ಭಾಷಾ ತರಗತಿಯ ಕೆಲಸ. ಉಳಿದ ವಿಷಯಗಳಿಗೆ ಸೂತ್ರ, ಲೆಕ್ಕ, ಚಿತ್ರಗಳೇ ಸಾಕು ಎಂದು ಅವರು ಭಾವಿಸುತ್ತಾರೆ. ಇದು ಸರಿಯಾದ ಎಣಿಕೆಯಲ್ಲ.

ಕೊಳ್ಳೇಗಾಲದ ಕಡೆಯ ವಿದ್ಯಾರ್ಥಿಗಳನ್ನೇ ನೋಡಬಹುದು. ಸಸ್ಯಶಾಸ್ತ್ರ ಓದುವವನು ಬಿಳಿಗಿರಿರಂಗನ ಬೆಟ್ಟದ ಗಿಡವೊಂದರ ಎಲೆ, ಹೂ, ನೆಲೆಗಳನ್ನು ಮತ್ತೊಬ್ಬನು ಓದಿ ಗುರುತಿಸುವಂತೆ ಬರೆಯಬೇಕು. ವಾಣಿಜ್ಯ ಓದುವವಳು ರೇಷ್ಮೆ ನೂಲಿನ ಬೆಲೆ ಏರಿದಾಗ ಕೊಳ್ಳೇಗಾಲದ ನೇಕಾರನ ಗಳಿಕೆ ಏಕೆ ಕುಗ್ಗುವುದೆಂದು ವಿವರಿಸಬೇಕು. ಚರಿತ್ರೆಯ ವಿದ್ಯಾರ್ಥಿಯು ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದುದರ ಕಾರಣಗಳನ್ನು ಒಂದರ ಹಿಂದೊಂದು ಜೋಡಿಸಬೇಕು. ಒಬ್ಬನದು ವರ್ಣನೆ, ಒಬ್ಬಳದು ವಿವರಣೆ, ಮತ್ತೊಬ್ಬನದು ವಾದ. ರೀತಿ ಬೇರೆಬೇರೆ, ಬರವಣಿಗೆ ಮಾತ್ರ ಯಾರಿಗೂ ತಪ್ಪಿದ್ದಲ್ಲ.

ಆದರೆ ನಡೆಯುತ್ತಿರುವುದೇನು? ಪ್ರಯೋಗದ ದಾಖಲೆ ಪುಸ್ತಕವನ್ನು ಹಿಂದಿನ ವರ್ಷದವರ ಪುಸ್ತಕದಿಂದ ನಕಲು ಮಾಡುವ ರೂಢಿಯುಂಟು. ಹನೂರಿನ ಕಾಡಂಚಿನ ಹಳ್ಳಿಯಿಂದ ಕನ್ನಡದಲ್ಲಿ ಓದಿ ಬಂದ ಹುಡುಗನಿಗೆ ಇಂಗ್ಲಿಷಿನ ವಾಕ್ಯ ಹೊಸದು. ತಪ್ಪಾದೀತೆಂಬ ಅಂಜಿಕೆಯಿಂದ ಅವನು ನಕಲಿಗೆ ಶರಣಾಗುತ್ತಾನೆ. ಅಂಕ ದೊರೆಯುತ್ತದೆ, ತಾನು ಕಂಡದ್ದೇನೆಂದು ತಿಳಿಯುವ ಅವಕಾಶ ಕೈತಪ್ಪುತ್ತದೆ. ಪ್ರಯೋಗದ ಫಲ ಏಕೆ ತಪ್ಪಿತೆಂದು ಬರೆಯಲು ಕುಳಿತವನಿಗೇ ಅದರ ಕಾರಣ ಹೊಳೆಯುವುದು.

ತುಂಬಿದ ತರಗತಿಯಲ್ಲಿ ಎಲ್ಲರ ಬರಹವನ್ನೂ ತಿದ್ದಲು ಹೊತ್ತೆಲ್ಲಿ ಎಂದು ಅಧ್ಯಾಪಕರು ಕೇಳಬಹುದು. ಆಕ್ಷೇಪ ನ್ಯಾಯವಾದುದೇ. ಆದರೆ ನಕಲಾದ ಪುಟಪುಟಕ್ಕೂ ಸಹಿ ಹಾಕುವ ಹೊತ್ತಿನಲ್ಲಿ ಪ್ರತಿಯೊಬ್ಬನ ಸ್ವಂತದ ಒಂದು ಪುಟವನ್ನು ಓದಬಹುದು. ಮೊದಲ ಕರಡು ಕನ್ನಡದಲ್ಲಿದ್ದರೆ ಕುಂದೇನೂ ಇಲ್ಲ. ವಿಚಾರ ತಿಳಿಯಾದ ಮೇಲೆ ಅದನ್ನು ಇಂಗ್ಲಿಷಿಗೆ ತರುವುದು ಸುಲಭ.

ವಿಜ್ಞಾನಕ್ಕೆ ಕನ್ನಡ ಸಾಲದೆಂಬ ಮಾತಿಗೂ ಉತ್ತರವಿದೆ. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರತಂದರು. ಸಸ್ಯವಿಜ್ಞಾನದ ಪ್ರಾಧ್ಯಾಪಕ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು ‘ಹಸುರು ಹೊನ್ನು’ ಕೃತಿಯಲ್ಲಿ ಬರೆದರು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ಯಳಂದೂರಿನ ಸಂಚಿ ಹೊನ್ನಮ್ಮ 17ನೆಯ ಶತಮಾನದಲ್ಲಿ ಮೈಸೂರು ಅರಮನೆಯಲ್ಲಿ ಎಲೆಯಡಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದಳು. ಬರೆಯುವುದು ಅವಳ ಉದ್ಯೋಗವಾಗಿರಲಿಲ್ಲ. ಆದರೂ ‘ಹದಿಬದೆಯ ಧರ್ಮ’ ಅವಳಿಂದ ಹುಟ್ಟಿತು. ಅದೇ ನೆಲದ ಮಕ್ಕಳು, ಯಾವ ವಿಷಯವನ್ನೇ ಓದಲಿ, ತಾವು ಕಂಡದ್ದನ್ನು ತಮ್ಮ ಮಾತಿನಲ್ಲಿ ಒಂದು ಪುಟ ಬರೆಯಲಾರೆವೆನ್ನುವುದು ತರವಲ್ಲ.