ಕಾಲುವೆಯ ಕೆಳಭಾಗದ ಮನಶ್ಶಾಸ್ತ್ರ

ಹತ್ತಿ ಬಿಡಿಸುವ ಹಂಗಾಮು ಬಂತೆಂದರೆ ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ ಹಾಜರಿ ಇಳಿಯುತ್ತದೆ. ಬೆಳಗಾಗುತ್ತಲೇ ಟಂಟಂ ಗಾಡಿಗಳಲ್ಲಿ ಕೂಲಿ ಹೆಂಗಸರ ಜೊತೆ ಮಕ್ಕಳೂ ಹೊಲಕ್ಕೆ ಹೋಗುತ್ತಾರೆ. ಇನ್ನು ಕೆಲವರು ಅಪ್ಪ ಅವ್ವನ ಬೆನ್ನು ಹತ್ತಿ ಬೆಂಗಳೂರಿಗೋ ಪುಣೆಗೋ ಗುಳೆ ಹೊರಡುತ್ತಾರೆ. ಯಾಕೆ ಹೀಗೆ ಎಂದರೆ ಸಿಗುವ ಉತ್ತರ ಬಹುತೇಕ ಒಂದೇ: 'ಪಾಲಕರಿಗೆ ಕಾಳಜಿ ಇಲ್ಲ.' ಸಾಲ ಬಾಕಿ ಉಳಿದರೆ 'ತೀರಿಸುವ ಮನಸ್ಸಿಲ್ಲ', ಗ್ರಾಮಸಭೆಗೆ ಜನ ಬಾರದಿದ್ದರೆ 'ಇಲ್ಲಿಯವರಿಗೆ ಆಸಕ್ತಿಯೇ ಇಲ್ಲ'. ಈ ಮೂರು ಮಾತೂ ಮನುಷ್ಯರ ಸ್ವಭಾವವನ್ನು ಅಳೆಯುತ್ತವೆ. ಅವರು ಬದುಕುತ್ತಿರುವ ಪರಿಸ್ಥಿತಿಯ ಕಡೆ ಒಂದೂ ಕಣ್ಣು ಹಾಯಿಸುವುದಿಲ್ಲ.

ಮನಶ್ಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು ಇದೇ ತಪ್ಪಿನ ಕುರಿತಾದದ್ದು. 1967ರಲ್ಲಿ ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್ ಅಮೆರಿಕದ ವಿದ್ಯಾರ್ಥಿಗಳಿಗೆ ಕ್ಯೂಬಾದ ಕ್ಯಾಸ್ಟ್ರೊ ಪರವಾಗಿಯೂ ವಿರುದ್ಧವಾಗಿಯೂ ಬರೆದ ಪ್ರಬಂಧಗಳನ್ನು ಓದಲು ಕೊಟ್ಟರು. ಯಾವ ಪಕ್ಷ ವಹಿಸಬೇಕೆಂದು ಬರೆದವರಿಗೆ ಮೊದಲೇ ಆಜ್ಞೆಯಾಗಿತ್ತು ಎಂದು ತಿಳಿಸಿದ ಮೇಲೂ, ಬರೆದದ್ದೇ ಅವರ ನಿಜವಾದ ಅಭಿಪ್ರಾಯವಿರಬೇಕೆಂದು ಓದಿದವರು ಊಹಿಸಿದರು. ಕಣ್ಣೆದುರಿಗಿದ್ದ ಒತ್ತಾಯ ಅವರ ಲೆಕ್ಕಕ್ಕೆ ಬರಲಿಲ್ಲ. ಹತ್ತು ವರ್ಷದ ನಂತರ ಲೀ ರಾಸ್ ಎಂಬ ವಿದ್ವಾಂಸ ಇದನ್ನು ಮೂಲಭೂತ ಆರೋಪಣ ದೋಷವೆಂದು ಕರೆದರು. ನಡತೆ ಎಂಬುದು ವ್ಯಕ್ತಿ ಮತ್ತು ಪರಿಸರ ಎರಡರ ಫಲ ಎಂದು ಕರ್ಟ್ ಲೆವಿನ್ 1936ರಲ್ಲೇ ಬರೆದಿದ್ದರು. ರಾಯಚೂರು ಜಿಲ್ಲೆಯ ಬಗ್ಗೆ ಮಾತಾಡುವಾಗ ಈ ಎರಡರಲ್ಲಿ ಒಂದು ಸದಾ ಬಿಟ್ಟುಹೋಗುತ್ತದೆ.

ಇದು ಸಣ್ಣ ಲೋಪವಲ್ಲ. 2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ತಾಲ್ಲೂಕುಗಳನ್ನೆಲ್ಲ ಅಳೆದು ಸಾಲಾಗಿ ನಿಲ್ಲಿಸಿದಾಗ ದೇವದುರ್ಗ ಕಟ್ಟಕಡೆಗೆ ಬಂತು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 59.56; ರಾಜ್ಯದ ಸರಾಸರಿ ಶೇ 75ನ್ನು ದಾಟಿತ್ತು. ಕೃಷ್ಣೆ, ತುಂಗಭದ್ರೆಗಳ ನಡುವಿನ ನೆಲ, ಪಕ್ಕದಲ್ಲೇ ಹಟ್ಟಿಯ ಚಿನ್ನ, ಶಕ್ತಿನಗರದ ವಿದ್ಯುತ್ತು. ಇಷ್ಟಿದ್ದೂ ಹಿಂದುಳಿದಿದ್ದಾರೆಂದರೆ ಜನರಲ್ಲೇ ಏನೋ ಕೊರತೆಯಿದೆ ಎಂಬ ತೀರ್ಮಾನ ಬಲು ಬೇಗ ಬರುತ್ತದೆ. ಆ ತೀರ್ಮಾನವನ್ನು ಪರೀಕ್ಷೆಗೆ ಒಡ್ಡಬೇಕು.

ತಾಳ್ಮೆಯ ಮಾತನ್ನೇ ತೆಗೆದುಕೊಳ್ಳಬಹುದು. 'ದರ ಏರುವ ತನಕ ಹತ್ತಿ ಇಟ್ಟುಕೊಳ್ಳಿ' ಎಂದು ರೈತರಿಗೆ ವರ್ಷವೂ ಹೇಳಲಾಗುತ್ತದೆ. ಆದರೂ ಸಣ್ಣ ರೈತ ಬಿಡಿಸಿದ ಹತ್ತಿಯನ್ನು ತಡಮಾಡದೆ ರಾಯಚೂರಿನ ರಾಜೇಂದ್ರ ಗಂಜ್‌ಗೆ ತಂದು, ಸಿಕ್ಕ ದರಕ್ಕೆ ಕೊಟ್ಟು, ಅಡತಿ ಅಂಗಡಿಯ ಮುಂಗಡ ಚುಕ್ತಾ ಮಾಡುತ್ತಾನೆ. ನೋಡುವವರಿಗೆ ಅವಸರದ ಬುದ್ಧಿ ಕಾಣುತ್ತದೆ. ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ ಮಕ್ಕಳ ಮುಂದೆ ಒಂದು ಮಿಠಾಯಿ ಇಟ್ಟು, ಕಾದರೆ ಎರಡು ಕೊಡುವೆನೆಂದ ಪ್ರಯೋಗ ಲೋಕವಿಖ್ಯಾತ. ಕಾಯುವುದು ಮಗುವಿನ ಒಳಗಿನ ಗುಣ, ಆ ಗುಣವೇ ಭವಿಷ್ಯ ಬರೆಯುತ್ತದೆ ಎಂದು ಅದನ್ನು ಬಹಳ ಕಾಲ ಓದಲಾಯಿತು. 2013ರಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಅದಕ್ಕೊಂದು ಮುನ್ನುಡಿ ಸೇರಿಸಿದರು. ಮಿಠಾಯಿಗೂ ಮೊದಲು ಅರ್ಧ ಮಕ್ಕಳಿಗೆ ಒಳ್ಳೆಯ ಬಣ್ಣಗಳನ್ನು ತರುವೆವೆಂದು ಹೇಳಿ ತಂದುಕೊಟ್ಟರು. ಉಳಿದರ್ಧಕ್ಕೆ ಹೇಳಿ, ತರಲಿಲ್ಲ. ಮಾತು ಉಳಿಸಿಕೊಂಡವರ ಎದುರು ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಎದುರು ಕಾದದ್ದು 3 ನಿಮಿಷ. ಪ್ರಯೋಗದಲ್ಲಿದ್ದದ್ದು 28 ಮಕ್ಕಳು ಮಾತ್ರ, ಆದರೂ ಅದು ಎತ್ತಿದ ಪ್ರಶ್ನೆ ದೊಡ್ಡದು: ಕಾಯದಿರುವುದು ಸ್ವಭಾವವೋ, ಮಾತು ತಪ್ಪಿದವರನ್ನು ಕಂಡ ಅನುಭವವೋ?

ಇಲ್ಲಿನ ರೈತನಿಗೆ ಕೊಟ್ಟ ಮಾತು ನೀರಿನದು. ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್ ಹರಿದು ರಾಯಚೂರಿನ ಕಡೆಗೆ ಮುಗಿಯುತ್ತದೆ. ಯೋಜನೆ ರೂಪುಗೊಂಡದ್ದು ಬಹುಪಾಲು ಅರೆ ನೀರಾವರಿ ಬೆಳೆಗಳಿಗಾಗಿ. ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ಹರಡಿದಂತೆ ಮಾನ್ವಿ, ರಾಯಚೂರು ತಾಲ್ಲೂಕುಗಳ ಕೆಳಭಾಗದ ರೈತರಿಗೆ ನೀರು ಬರುವುದು ಅನುಮಾನದ ಮಾತಾಯಿತು. ಕಾಲುವೆಯ ಕೆಳಭಾಗಕ್ಕೆ ನೀರು ಹರಿಸಿ ಎಂಬ ಧರಣಿಗಳು ಇಲ್ಲಿ ಮತ್ತೆ ಮತ್ತೆ ನಡೆಯುತ್ತವೆ. ಅದರ ಮೇಲೆ 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟೇ ಕೊಚ್ಚಿಹೋಯಿತು. ಬರುತ್ತದೆಂದ ನೀರು ಬಾರದಿರುವುದನ್ನು ತಲೆಮಾರುಗಟ್ಟಲೆ ಕಂಡವನು ಕೈಗೆ ಬಂದ ದರವನ್ನು ಬಿಡುವುದಿಲ್ಲ. ಅದನ್ನು ಅವಸರವೆನ್ನಲಾಗದು, ಅದು ಅನುಭವದಿಂದ ಕಲಿತ ಲೆಕ್ಕ. ಅವನ ಜಾಗದಲ್ಲಿ ತಿಂಗಳ ಸಂಬಳದವರು ಇದ್ದರೂ ಅದನ್ನೇ ಮಾಡುತ್ತಿದ್ದರು.

ಬಡತನ ಬುದ್ಧಿಯನ್ನೂ ಬಿಡುವುದಿಲ್ಲ ಎಂಬುದಕ್ಕೆ ನೆರೆಯ ತಮಿಳುನಾಡಿನ ಪುರಾವೆಯಿದೆ. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್, ಜಿಯಾಯಿಂಗ್ ಝಾವೊ ಅಲ್ಲಿನ 464 ಕಬ್ಬು ಬೆಳೆಗಾರರಿಗೆ ಕಟಾವಿನ ಮೊದಲೂ ನಂತರವೂ ಬುದ್ಧಿಪರೀಕ್ಷೆ ಕೊಟ್ಟರು. ಕೈ ಬರಿದಾಗಿದ್ದಾಗ ಅದೇ ಮನುಷ್ಯ ಕಡಿಮೆ ಅಂಕ ಪಡೆದ. ಹಣ ಬಂದ ಮೇಲೆ ಹೆಚ್ಚು. ಅಮೆರಿಕದಲ್ಲಿ ಸಂಬಳದ ದಿನದ ಹಿಂದುಮುಂದೆ ನಡೆದ ಇನ್ನೊಂದು ಅಧ್ಯಯನ ಇಂಥ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಪರಿಣಾಮ ಎಷ್ಟು, ಎಲ್ಲೆಲ್ಲಿ ಎಂಬ ಚರ್ಚೆ ಮುಗಿದಿಲ್ಲ. ಆದರೆ ಬಿತ್ತನೆ ಬೀಜ, ಬಡ್ಡಿ, ಮಗಳ ಜ್ವರ ಮೂರನ್ನೂ ಒಟ್ಟಿಗೆ ತಲೆಯಲ್ಲಿಟ್ಟುಕೊಂಡು ಬ್ಯಾಂಕಿನ ಅರ್ಜಿ ತುಂಬಿಸಲು ಕುಳಿತವನನ್ನು ದಡ್ಡನೆನ್ನುವ ಮುನ್ನ ಈ ಫಲಿತಾಂಶ ನೆನಪಾಗಬೇಕು.

ತರಗತಿಯಲ್ಲಿ ಇನ್ನೂ ನೋಯಿಸುವ ಸಂಗತಿಯೊಂದಿದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು, ಏಳನೇ ತರಗತಿಯ 642 ಹುಡುಗರಿಗೆ ದಾರಿ ಹುಡುಕುವ ಚಿತ್ರಬಂಧಗಳನ್ನು ಕೊಟ್ಟು, ಬಿಡಿಸಿದಷ್ಟಕ್ಕೆ ಹಣ ಕೊಟ್ಟರು. ಯಾರಿಗೂ ಯಾರ ಜಾತಿಯೂ ಗೊತ್ತಿಲ್ಲದಾಗ ದಲಿತ ಹುಡುಗರೂ ಮೇಲ್ಜಾತಿಯ ಹುಡುಗರೂ ಹೆಚ್ಚುಕಡಿಮೆ ಸಮನಾಗಿ ಬಿಡಿಸಿದರು. ಎಲ್ಲರೆದುರು ಹೆಸರು, ತಂದೆಯ ಹೆಸರು, ಜಾತಿ ಕೂಗಿ ಹೇಳಿದಾಗ ದಲಿತ ಹುಡುಗರ ಸಾಧನೆ ಗಣನೀಯವಾಗಿ ಕುಸಿಯಿತು. ಕೆಲವೇ ನಿಮಿಷಗಳಲ್ಲಿ ಅವರ ಮೆದುಳೇನೂ ಬದಲಾಗಿರಲಿಲ್ಲ. ವಿದ್ಯಾರ್ಥಿವೇತನದ ಪಟ್ಟಿಯನ್ನು ಜಾತಿವಾರು ಗಟ್ಟಿಯಾಗಿ ಓದುವ ಶಿಕ್ಷಕರಿಗೆ ಕೆಟ್ಟ ಉದ್ದೇಶ ಇರಬೇಕಾಗಿಲ್ಲ, ಮರುದಿನದ ಗಣಿತ ಪರೀಕ್ಷೆ ಕೆಡಲು ಆ ಗಟ್ಟಿ ಓದೊಂದೇ ಸಾಕಾಗಬಹುದು. ಪಟ್ಟಿಯನ್ನು ಕಚೇರಿಯಲ್ಲೇ ಮುಗಿಸಿದರೆ ಒಂದು ಪೈಸೆಯ ಖರ್ಚಿಲ್ಲ.

ಎಲ್ಲವನ್ನೂ ಪರಿಸ್ಥಿತಿಯ ತಲೆಗೆ ಕಟ್ಟಿದರೆ ಮನುಷ್ಯನಿಗೆ ಹೊಣೆಯೇ ಇಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ಉತ್ತರವಿರುವುದು ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮಾಯರ್ ಅವರ ಕೆಲಸದಲ್ಲಿ. ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತ ಅನುಭವಿಸಿದ ನಾಯಿಗಳು ಮುಂದೆ ದಾರಿ ಇದ್ದಾಗಲೂ ಸುಮ್ಮನೆ ಮಲಗಿದ್ದನ್ನು 1967ರಲ್ಲಿ ಕಂಡ ಅವರು, ಅಸಹಾಯಕತೆಯನ್ನು ಪ್ರಾಣಿ ಕಲಿಯುತ್ತದೆ ಎಂದಿದ್ದರು. 2016ರಲ್ಲಿ ಮೆದುಳಿನ ಸಂಶೋಧನೆಗಳ ಆಧಾರದ ಮೇಲೆ ಅದನ್ನು ತಿರುವಿಹಾಕಿದರು. ದೀರ್ಘ ಸಂಕಟಕ್ಕೆ ಸುಮ್ಮನಾಗುವುದು ಜೀವಿಯ ಸಹಜ ಪ್ರತಿಕ್ರಿಯೆ, ಕಲಿಯಬೇಕಾದದ್ದು 'ನನ್ನ ಕೈಯಲ್ಲಿ ಆಗುತ್ತದೆ' ಎಂಬುದನ್ನು. ಈ ಕಲಿಕೆ ಉಪದೇಶದಿಂದ ಆಗುವುದಿಲ್ಲ. ಏನಾದರೂ ಮಾಡಿದಾಗ ಏನಾದರೂ ಬದಲಾದರೆ ಮಾತ್ರ ಆಗುತ್ತದೆ.

ಮಾನ್ವಿ ತಾಲ್ಲೂಕಿನ ಪೋತ್ನಾಳದಲ್ಲಿ ಕೃಷಿ ಕೂಲಿ ಮಾಡುವ ದಲಿತ ಹೆಣ್ಣುಮಕ್ಕಳು ಜಾಗೃತ ಮಹಿಳಾ ಸಂಘಟನೆ ಕಟ್ಟಿಕೊಂಡರು. ಉಳಿತಾಯ, ಬೇವಿನ ಗೊಬ್ಬರ, ಸುಟ್ಟ ಮಣ್ಣಿನ ಆಭರಣ, ಹಕ್ಕಿನ ಹೋರಾಟ ಎಲ್ಲವೂ ಅದರಲ್ಲಿ ಸೇರಿಕೊಂಡವು. ಹೊರಗಿನವರು 'ಆಸಕ್ತಿ ಇಲ್ಲದ ಜನ' ಎಂದುಕೊಳ್ಳುವುದು ಇಂಥವರನ್ನೇ. ಅಲ್ಲಿ ಮೊದಲು ಬದಲಾದದ್ದು ಸ್ವಭಾವವಲ್ಲ. ಒಬ್ಬೊಬ್ಬರೇ ಎದುರಿಸುತ್ತಿದ್ದುದನ್ನು ಒಟ್ಟಾಗಿ ಎದುರಿಸುವ ಅವಕಾಶ ಹುಟ್ಟಿತು.

ಸರ್ಕಾರದ ಕೈಯಲ್ಲೂ ಇಂಥ ಅವಕಾಶಗಳಿವೆ. 2005ರ ಉದ್ಯೋಗ ಖಾತ್ರಿ ಕಾಯ್ದೆ ಕೂಲಿಯನ್ನು 15 ದಿನದೊಳಗೆ ಕೊಡಬೇಕೆಂದದ್ದು ಬರೀ ಲೆಕ್ಕಪತ್ರದ ನಿಯಮವಾಗಿರಲಿಲ್ಲ. ದುಡಿದರೆ ಬರುತ್ತದೆ ಎಂಬ ನಂಬಿಕೆ ಬೆಳೆಯುವುದೂ ಸಾಯುವುದೂ ಇಂಥ ಗಡುವಿನ ಮೇಲೆ. ನೀರಾವರಿ ಸಲಹಾ ಸಮಿತಿ ಕಾಲುವೆಗೆ ನೀರು ಬಿಡುವ ತಾರೀಖು ಪ್ರಕಟಿಸುತ್ತದೆ. ಅದರ ಜೊತೆಗೆ ಮಾನ್ವಿಯ ಕೊನೆಯ ವಿತರಣಾ ಕಾಲುವೆಗೆ ನೀರು ಮುಟ್ಟುವ ತಾರೀಖನ್ನೂ ಪ್ರಕಟಿಸಬೇಕು, ಮುಟ್ಟದಿದ್ದರೆ ಯಾರು ಉತ್ತರಿಸಬೇಕೆಂಬುದನ್ನೂ ಬರೆಯಬೇಕು. ಕೆಲವು ಹಂಗಾಮು ಆ ಮಾತು ನಡೆದ ಮೇಲೂ ರೈತ ಕಾಯದಿದ್ದರೆ, ಆಗ ಅವನ ಸ್ವಭಾವದ ಬಗ್ಗೆ ಮಾತಾಡಲು ಒಂದಿಷ್ಟು ಆಧಾರ ಸಿಕ್ಕೀತು.