ಗ್ಯಾಸ್ ಒಲೆ ಬಟ್ಟೆ ಒಣಗಿಸೋಕಲ್ಲ

ಮಕ್ಕಳೇ, ನವೆಂಬರ್ ತಿಂಗಳಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಯ್ತು ಅಂದರೆ ನಮ್ಮ ಹಿಂದೂಪುರದಲ್ಲಿ ಎರಡು ಮೂರು ದಿನ ಸೂರ್ಯ ಮುಖ ತೋರಿಸೋದಿಲ್ಲ. ದೊಡ್ಡ ಮಳೆ ಇಲ್ಲದಿದ್ದರೂ ಜಿಟಿಜಿಟಿ ಹನಿ, ಮೋಡ, ಥಂಡಿ. ಅಂಥ ದಿನ ಸಂಜೆ ಒಗೆದ ಯೂನಿಫಾರಂ ಬೆಳಗ್ಗೆ ಪ್ರಾರ್ಥನೆಯ ಹೊತ್ತಿಗೆ ಹೇಗೆ ಒಣಗುತ್ತೆ? ಈ ಪ್ರಶ್ನೆಯನ್ನು ಯಾವ ತರಗತಿಯಲ್ಲಿ ಬೇಕಾದರೂ ಕೇಳಿ, ಅರ್ಧ ಜನ ತಲೆ ತಗ್ಗಿಸಿ ನಗುತ್ತಾರೆ. ಆ ನಗುವಿನ ಅರ್ಥ ನಮಗೆ ಗೊತ್ತು. ಗ್ಯಾಸ್ ಒಲೆ ಹಚ್ಚಿ ಅದರ ಮೇಲೆ ಅಂಗಿ ಹಿಡಿಯೋದು, ಒಲೆಯ ಮೇಲ್ಗಡೆ ಹಗ್ಗ ಕಟ್ಟಿ ಪ್ಯಾಂಟ್ ತೂಗು ಹಾಕೋದು, ಕಾದ ಹೆಂಚಿನ ಮೇಲೆ ಸಾಕ್ಸ್ ಹರಡೋದು. ಇದು ಅಪಾಯ ಅಂತ ಹೇಳುವುದಷ್ಟೇ ನನ್ನ ಉದ್ದೇಶವಲ್ಲ, ಅದು ನಿಮಗೂ ಗೊತ್ತು. ಈ ಕೆಲಸಕ್ಕೆ ಗ್ಯಾಸ್ ಒಲೆ ಯಾಕೆ ಸರಿಯಾದ ಸಾಧನವೇ ಅಲ್ಲ ಅನ್ನೋದನ್ನ ವಿಜ್ಞಾನದಿಂದಲೇ ನೋಡೋಣ. ಕೊನೆಗೆ ನಮ್ಮ ಶಾಲೆಗಳಿಗೂ ಒಂದು ಮಾತು ಹೇಳೋದಿದೆ.

ಗ್ಯಾಸಿನಿಂದ ಬಟ್ಟೆ ಒಣಗಿಸುವ ಯಂತ್ರ ಅಂತ ಒಂದು ನಿಜವಾಗಿಯೂ ಇದೆ. ಅಮೆರಿಕದಲ್ಲಿ ಸಾಕಷ್ಟು ಮನೆಗಳಲ್ಲಿ ಬಟ್ಟೆ ಒಗೆಯುವ ಮಿಷನ್ ಪಕ್ಕದಲ್ಲೇ ಅದು ಇರುತ್ತೆ. ಅಲ್ಲಿ ಚಳಿಗಾಲದಲ್ಲಿ ಹೊರಗೆ ಹಾಕಿದ ಬಟ್ಟೆ ಹಲಗೆಯ ಹಾಗೆ ಹೆಪ್ಪುಗಟ್ಟುತ್ತೆ, ಪಾಪ ಅವರು ಏನ್ ಮಾಡಬೇಕು? ಇದರ ಇತಿಹಾಸ ಸ್ವಾರಸ್ಯವಾಗಿದೆ. ಸುಮಾರು 1800ರ ಹೊತ್ತಿಗೆ ಫ್ರಾನ್ಸಿನಲ್ಲಿ ಪೊಶೋಂ ಎಂಬಾತ ತೂತುಗಳಿದ್ದ ಪೀಪಾಯಿಯೊಳಗೆ ಬಟ್ಟೆ ಹಾಕಿ, ಬೆಂಕಿಯ ಮೇಲೆ ಕೈಯಿಂದ ತಿರುಗಿಸುವ ಸಾಧನ ಮಾಡಿದ. ಬಟ್ಟೆ ಒಣಗುತ್ತಿತ್ತು, ಜೊತೆಗೆ ಹೊಗೆ ವಾಸನೆ. ಕೆಲವು ಸಲ ಸುಟ್ಟೂ ಹೋಗುತ್ತಿತ್ತು. 1892ರಲ್ಲಿ ಅಮೆರಿಕದ ಜಾರ್ಜ್ ಸ್ಯಾಂಪ್ಸನ್ ಎಂಬ ಕಪ್ಪು ಜನಾಂಗದ ಸಂಶೋಧಕ, ಒಲೆಯ ಹತ್ತಿರ ಬಟ್ಟೆ ತೂಗು ಹಾಕುವ ಚೌಕಟ್ಟಿಗೆ ಪೇಟೆಂಟ್ ಪಡೆದ. ಅಂದರೆ ನಾವು ಮಳೆಗಾಲದಲ್ಲಿ ಅಡುಗೆಮನೆಯಲ್ಲಿ ಮಾಡ್ತಿರೋದು 130 ವರ್ಷಕ್ಕೂ ಹಳೆಯ ಉಪಾಯ. ಆ ಉಪಾಯವನ್ನು ಅವರು ಯಾಕೆ ಬಿಟ್ಟರು, ಈಗಿನ ಯಂತ್ರದಲ್ಲಿ ಏನೇನು ಸೇರಿಸಿದರು ಅಂತ ನೋಡಿದರೆ ನಮ್ಮ ಅಡುಗೆಮನೆಯಲ್ಲಿ ಏನೇನು ಇಲ್ಲ ಅನ್ನೋದು ತಿಳಿಯುತ್ತೆ.

ಈಗಿನ ಯಂತ್ರದಲ್ಲಿ ಬಟ್ಟೆ ಬೆಂಕಿಯ ಮೇಲೆ ಇರೋದಿಲ್ಲ. ಗ್ಯಾಸ್ ಒಂದು ಕಡೆ ಉರಿಯುತ್ತೆ, ಅದರಿಂದ ಬಿಸಿಯಾದ ಗಾಳಿಯನ್ನು ಫ್ಯಾನು ತಿರುಗುವ ಡ್ರಮ್ಮಿನೊಳಗೆ ಎಳೆಯುತ್ತೆ. ಬಿಸಿ ಅಳತೆ ಮೀರಿದರೆ ಗ್ಯಾಸ್ ತಾನಾಗಿಯೇ ನಿಲ್ಲುತ್ತೆ. ಎಲ್ಲಕ್ಕಿಂತ ಮುಖ್ಯ, ಬಟ್ಟೆಯ ಮೂಲಕ ಹಾದ ಗಾಳಿಯಷ್ಟೂ ಒಂದು ದಪ್ಪ ಕೊಳವೆಯಲ್ಲಿ ಮನೆಯಿಂದ ಹೊರಗೆ ಹೋಗುತ್ತೆ. ಈ ಕೊಳವೆ ಯಾಕೆ ಬೇಕು? ಉತ್ತರ ನಿಮ್ಮ ಹತ್ತನೇ ತರಗತಿಯ ರಸಾಯನಶಾಸ್ತ್ರದಲ್ಲೇ ಇದೆ.

ನಮ್ಮ ಸಿಲಿಂಡರಿನಲ್ಲಿ ಇರೋದು ಪ್ರೊಪೇನ್ ಮತ್ತು ಬ್ಯೂಟೇನ್. ಪ್ರೊಪೇನಿನ ಒಂದು ಅಣು ಉರಿದರೆ ಮೂರು ಅಣು ಕಾರ್ಬನ್ ಡೈಆಕ್ಸೈಡ್, ನಾಲ್ಕು ಅಣು ನೀರು ಬರುತ್ತೆ. ಪ್ರೊಪೇನಿನ ಅಣುತೂಕ 44, ನೀರಿನದು 18. ನಾಲ್ಕು ಹದಿನೆಂಟಲೆ 72. ಹಾಗಾದರೆ 44 ಗ್ರಾಂ ಪ್ರೊಪೇನ್ ಉರಿದರೆ 72 ಗ್ರಾಂ ನೀರು! ಬ್ಯೂಟೇನಿನ ಲೆಕ್ಕವನ್ನು ನೀವೇ ಮಾಡಿ, ಹೆಚ್ಚು ಕಡಿಮೆ ಅಷ್ಟೇ ಬರುತ್ತೆ. ಒಟ್ಟಿನಲ್ಲಿ ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋಗಿಂತ ಜಾಸ್ತಿ ನೀರಿನ ಆವಿ. 14.2 ಕಿಲೋ ಸಿಲಿಂಡರ್ ಖಾಲಿಯಾಗುವ ಹೊತ್ತಿಗೆ ನಿಮ್ಮ ಅಡುಗೆಮನೆಯ ಗಾಳಿಗೆ ಸುಮಾರು 22 ಲೀಟರ್ ನೀರು ಸೇರಿರುತ್ತೆ. ನಂಬಿಕೆ ಬರಲಿಲ್ವಾ? ತಣ್ಣೀರು ತುಂಬಿದ ಪಾತ್ರೆಯನ್ನು ಅಮ್ಮ ಒಲೆ ಮೇಲಿಟ್ಟ ಮೊದಲ ನಿಮಿಷ ಪಾತ್ರೆಯ ಹೊರಮೈ ನೋಡಿ. ಬೆವರಿನ ಹಾಗೆ ತೇವ ಕೂತಿರುತ್ತೆ. ಅದರಲ್ಲಿ ಬಹುಪಾಲು ಉರಿಯಿಂದ ಹುಟ್ಟಿದ ನೀರು.

ಈಗ ಯೂನಿಫಾರಮಿಗೆ ಬರೋಣ. ಹಿಂಡಿದ ಮೇಲೂ ಒಂದು ಅಂಗಿ, ಒಂದು ಪ್ಯಾಂಟಿನಲ್ಲಿ ಅರ್ಧ ಲೀಟರ್ ನೀರು ಉಳಿದಿದೆ ಅಂತ ಇಟ್ಟುಕೊಳ್ಳಿ. ದೊಡ್ಡ ಬರ್ನರ್ ಒಂದು ಗಂಟೆ ಉರಿದರೆ ನೂರೈವತ್ತು, ಇನ್ನೂರು ಗ್ರಾಂ ಗ್ಯಾಸ್ ಹೋಗುತ್ತೆ. ಅದರಿಂದ ಕಾಲು ಲೀಟರ್ ಹೊಸ ನೀರು ಗಾಳಿಗೆ ಬರುತ್ತೆ. ಮಳೆ ಅಂತ ಕಿಟಕಿ ಬಾಗಿಲು ಮುಚ್ಚಿದ್ದೀರಿ. ಒಲೆ ಹತ್ತಿರ ಇರುವ ಅಂಗಿ ಬಿಸಿಗೆ ಒಣಗಬಹುದು, ಇಲ್ಲ ಅನ್ನೋದಿಲ್ಲ. ಆದರೆ ಅದರಿಂದ ಹೋದ ಆವಿ, ಗ್ಯಾಸಿನಿಂದ ಬಂದ ಆವಿ ಎರಡೂ ಅದೇ ಕೋಣೆಯಲ್ಲಿ ಸುತ್ತಿ ತಣ್ಣಗಿನ ಗೋಡೆ, ಹಾಸಿಗೆ, ಹಗ್ಗದ ಮೇಲಿನ ಉಳಿದ ಬಟ್ಟೆಗಳ ಮೇಲೆ ಕೂರುತ್ತೆ. ಒಂದು ಕೈಯಿಂದ ಒಣಗಿಸಿ ಇನ್ನೊಂದು ಕೈಯಿಂದ ನೆನೆಸಿದ ಹಾಗಾಯ್ತು. ಯಂತ್ರಕ್ಕೆ ಹೊರಗೆ ಹೋಗುವ ಕೊಳವೆ ಇಟ್ಟದ್ದು ಇದಕ್ಕೇ.

ಕೊಳವೆಗೆ ಇನ್ನೂ ಒಂದು ಕಾರಣ ಇದೆ, ಅದು ಜೀವದ ಪ್ರಶ್ನೆ. ಮುಚ್ಚಿದ ಕೋಣೆಯಲ್ಲಿ ಒಲೆ ಗಂಟೆಗಟ್ಟಲೆ ಉರಿದರೆ ಆಮ್ಲಜನಕ ಕಡಿಮೆಯಾಗುತ್ತೆ, ಆಗ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತೆ. ತಲೆನೋವು, ವಾಕರಿಕೆ, ಮಂಪರು. ನಿದ್ದೆ ಬಂತು ಅಂದುಕೊಂಡು ಮಲಗಿದವರು ಏಳದೇ ಇರಬಹುದು. ಕಿಟಕಿ ಇಲ್ಲದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸತ್ತವರ ಸುದ್ದಿ ಬೆಂಗಳೂರಿನಿಂದ ಆಗಾಗ ಪೇಪರಿನಲ್ಲಿ ಬರುತ್ತಲ್ಲ, ಅದೂ ಇದೇ ಕಥೆ. ಉರಿ ನೀಲಿ ಬಿಟ್ಟು ಹಳದಿಯಾಗಿದ್ದರೆ, ಪಾತ್ರೆಯ ತಳ ಮಸಿಯಾಗುತ್ತಿದ್ದರೆ ನಿಮ್ಮ ಬರ್ನರ್ ಸರಿಯಿಲ್ಲ, ಶುಚಿ ಮಾಡಿಸಬೇಕು ಅಂತ ಅರ್ಥ.

ಇನ್ನು ಬೆಂಕಿ. ಹತ್ತಿ ಬಟ್ಟೆ ಸುಮಾರು 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹೊತ್ತಿಕೊಳ್ಳುತ್ತೆ. ನಿಮ್ಮ ಯೂನಿಫಾರಂ ಬಟ್ಟೆಯಲ್ಲಿ ಸೇರಿರುವ ಪಾಲಿಯೆಸ್ಟರ್ 250ರಿಂದ 260 ಡಿಗ್ರಿಗೇ ಕರಗಿ ಅಂಟಾಗುತ್ತೆ, ಮೈಗೆ ತಾಗಿದರೆ ಚರ್ಮದ ಜೊತೆಗೇ ಬರುತ್ತೆ. ಗ್ಯಾಸಿನ ಉರಿ ಇವೆರಡಕ್ಕಿಂತ ಎಷ್ಟೋ ಪಟ್ಟು ಬಿಸಿ. ಒದ್ದೆ ಇರುವವರೆಗೆ ನೀರು ಬಟ್ಟೆಯನ್ನು ಕಾಯುತ್ತೆ. ಎಲ್ಲಿ ಒಣಗಿತೋ ಅಲ್ಲಿ ಕಾವಲು ಮುಗಿಯಿತು. ಅಂದರೆ ನೀವು ಬಯಸಿದ ಕೆಲಸ ಮುಗಿದ ಕ್ಷಣವೇ ಅಪಾಯದ ಕ್ಷಣ. ಅದೇ ಹೊತ್ತಿಗೆ ಮಗು ಅತ್ತಿತು ಅಂತಲೋ ಕರೆಂಟ್ ಬಂತು ಅಂತಲೋ ನೀವು ಆಚೆ ಹೋಗಿರುತ್ತೀರಿ.

ಬೆಂಕಿ ಹತ್ತದೆಯೂ ಅನಾಹುತ ಆಗಬಹುದು. ತೂಗು ಹಾಕಿದ ಪ್ಯಾಂಟಿನಿಂದ ನೀರು ತೊಟ್ಟಿಕ್ಕಿ ಸಣ್ಣ ಉರಿ ಆರಿತು ಅಂತಿಟ್ಟುಕೊಳ್ಳಿ. ನಮ್ಮ ಮನೆಗಳ ಸಾಧಾರಣ ಒಲೆಗೆ ಉರಿ ಆರಿದ್ದು ಗೊತ್ತಾಗೋದಿಲ್ಲ, ಗ್ಯಾಸ್ ಬರ್ತಾನೇ ಇರುತ್ತೆ. ಅದು ಗಾಳಿಗಿಂತ ಭಾರ. ಮೇಲೆ ಹೋಗದೆ ನೆಲದ ಮೇಲೆ ನೀರಿನ ಹಾಗೆ ಹರಡಿ ಮಂಚದ ಕೆಳಗೆ, ಬಾಗಿಲ ಸಂದಿಯಲ್ಲಿ ನಿಲ್ಲುತ್ತೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೆ ಸಾಕು, ಸ್ವಿಚ್ಚಿನ ಒಂದು ಕಿಡಿಗೆ ಸಿಡಿಯುತ್ತೆ. ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. ಸೋರಿದ್ದು ಮೂಗಿಗೆ ತಿಳೀಲಿ ಅಂತಲೇ ಈಥೈಲ್ ಮರ್ಕ್ಯಾಪ್ಟನ್ ಎಂಬ ನಾರುವ ವಸ್ತುವನ್ನು ಬೆರೆಸಿರುತ್ತಾರೆ. ವಾಸನೆ ಬಂದರೆ ಲೈಟ್ ಹಾಕಬೇಡಿ, ಹಾಕಿರೋದನ್ನ ಆರಿಸಲೂ ಬೇಡಿ, ಫ್ಯಾನು ಮುಟ್ಟಬೇಡಿ. ಒಲೆಯ ತಿರುಗಣೆ, ರೆಗ್ಯುಲೇಟರ್ ಎರಡೂ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು, ಎಲ್ಲರನ್ನೂ ಆಚೆ ಕರೆದುಕೊಂಡು ಹೋಗಿ ಅಲ್ಲಿಂದ 1906ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿಕೆಗೆ ದೇಶಕ್ಕೆಲ್ಲ ಇದೇ ನಂಬರು.

ಪರದೇಶದ ಯಂತ್ರವೂ ಪೂರ್ತಿ ಸಾಧು ಅಂದುಕೊಳ್ಳಬೇಡಿ. ಬಟ್ಟೆಯಿಂದ ಉದುರುವ ನೂಲಿನ ಧೂಳು ಅದರ ಜಾಲರಿಯಲ್ಲಿ ಕೂರುತ್ತೆ. ದೀಪದ ಹತ್ತಿ ಹಿಂಜಿದರೆ ಎಷ್ಟು ಬೇಗ ಹೊತ್ತುತ್ತೋ ಅದೇ ಗುಣ ಇದಕ್ಕೂ. ಪ್ರತಿ ಸಲವೂ ಜಾಲರಿ ತೆಗೆದು ಒರೆಸಬೇಕು, ಹೊರಗಿನ ಕೊಳವೆ ಕಟ್ಟಿಕೊಂಡಿದೆಯಾ ನೋಡಬೇಕು, ಅಡುಗೆ ಎಣ್ಣೆ ಹತ್ತಿದ ಬಟ್ಟೆ ಹಾಕಬಾರದು, ಅದನ್ನು ಓಡಿಸಿ ಮಲಗಬಾರದು. ಅಮೆರಿಕದ ಅಗ್ನಿಶಾಮಕ ಆಡಳಿತ 2008ರಿಂದ 2010ರ ಲೆಕ್ಕ ತೆಗೆದಾಗ ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಬೆಂಕಿ ಅನಾಹುತ ಈ ಯಂತ್ರಗಳಿಂದ ಆಗಿದ್ದವು. ಅದರಲ್ಲಿ ನೂರಕ್ಕೆ 34ರ ಕಾರಣ ಬರೀ ಶುಚಿ ಮಾಡದಿರೋದು. ಇಷ್ಟೆಲ್ಲ ರಕ್ಷಣೆ ಇರುವ ಯಂತ್ರದ ಗತಿಯೇ ಹೀಗಾದರೆ ಬರೀ ಒಲೆಯ ಮೇಲಿನ ಹಗ್ಗದ ಮಾತೇನು?

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನಮ್ಮ ಊರುಗಳಿಗೆ ಆ ಯಂತ್ರವೂ ಬೇಡ, ಒಲೆಯ ಮೇಲಿನ ಹಗ್ಗವೂ ಬೇಡ. ಅನಂತಪುರದ ಸೀಮೆ ಅಂದರೆ ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಬರದ ನಾಡು. ಬೆಳೆಗೆ ಇದು ಶಾಪ, ಒಪ್ಪಿದೆ. ಬಟ್ಟೆ ಒಣಗಿಸೋಕೆ ಮಾತ್ರ ವರ. ಒಣಗಾಳಿಯಲ್ಲಿ ನೀರು ಬೇಗ ಆವಿಯಾಗುತ್ತೆ. ಕಲ್ಯಾಣದುರ್ಗದಿಂದ ಬೆಳುಗುಪ್ಪದ ಕಡೆ ಹೋಗುವಾಗ ಸಾಲಾಗಿ ತಿರುಗುವ ಗಾಳಿಯಂತ್ರಗಳನ್ನು ನೋಡಿದ್ದೀರಲ್ಲ, ಅವನ್ನು ಅಲ್ಲಿ ನಿಲ್ಲಿಸಿರೋದು ಗಾಳಿ ಇದೆ ಅಂತಲೇ ತಾನೇ? ಆಷಾಢದ ಗಾಳಿಗೆ ಕ್ಲಿಪ್ ಹಾಕದ ಅಂಗಿ ಪಕ್ಕದ ಮನೆಗೆ ಹೋಗುತ್ತೆ.

ಕಷ್ಟ ಇರೋದು ವರ್ಷದಲ್ಲಿ ಕೆಲವೇ ದಿನ. ಆ ದಿನಗಳಿಗೆ ಉಪಾಯ ಇದೆ. ನೀರನ್ನು ಆವಿ ಮಾಡೋದಕ್ಕಿಂತ ಹಿಂಡಿ ತೆಗೆಯೋದಕ್ಕೆ ಬಹಳ ಕಡಿಮೆ ಶಕ್ತಿ ಸಾಕು. ಒಗೆದ ಅಂಗಿಯನ್ನು ಒಣ ಟವೆಲ್ ಮೇಲೆ ಹಾಸಿ, ಎರಡನ್ನೂ ಚಾಪೆಯ ಹಾಗೆ ಸುತ್ತಿ, ಮೇಲೆ ಮಂಡಿಯೂರಿ ಒತ್ತಿ. ಟವೆಲ್ ಎಷ್ಟು ನೀರು ಹೀರುತ್ತೆ ಅಂತ ನೀವೇ ನೋಡಿ ಬೆರಗಾಗ್ತೀರಿ. ಆಮೇಲೆ ಪಡಸಾಲೆಯಲ್ಲಿ, ಗೋಡೆಗೆ ತಾಗದ ಹಾಗೆ, ಒಂದಕ್ಕೊಂದು ಅಂಟದ ಹಾಗೆ ಹ್ಯಾಂಗರಿಗೆ ಹಾಕಿ ಫ್ಯಾನು ಬಿಡಿ, ಒಂದು ಕಿಟಕಿ ತೆರೆದಿರಲಿ. 75 ವಾಟಿನ ಫ್ಯಾನು ಎಂಟು ಗಂಟೆ ತಿರುಗಿದರೂ ಮುಕ್ಕಾಲು ಯೂನಿಟ್ ಕರೆಂಟ್ ಆಗೋದಿಲ್ಲ. ರಾಜ್ಯದಲ್ಲಿ 2024ರಿಂದ ದೀಪಂ-2 ಯೋಜನೆಯಲ್ಲಿ ಅರ್ಹ ಮನೆಗಳಿಗೆ ವರ್ಷಕ್ಕೆ ಮೂರು ಸಿಲಿಂಡರ್ ಉಚಿತ, ನಿಜ. ಉಚಿತ ಅಂತ ಅಂಗಿಗೆ ಉರಿಸಿದರೆ ನಾಲ್ಕನೆಯದಕ್ಕೆ ಅಪ್ಪ ದುಡ್ಡು ಕೊಡಬೇಕು.

ಒಲೆಯ ಹತ್ತಿರ ಬಟ್ಟೆ ಹಾಕೋದು ನಿಲ್ಲಿಸಿದರೂ ಗ್ಯಾಸ್ ಮನೆಯಲ್ಲಿ ಇದ್ದೇ ಇರುತ್ತೆ, ಅದನ್ನು ನೋಡಿಕೊಳ್ಳೋ ಕೆಲಸ ನಿಮ್ಮದೂ ಹೌದು. ಸಿಲಿಂಡರಿನಿಂದ ಒಲೆಗೆ ಬರುವ ರಬ್ಬರ್ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಎಷ್ಟೋ ಮನೆಗಳಲ್ಲಿ ಅಂದವಾಗಿ ಕಾಣಲಿ ಅಂತ ಅದಕ್ಕೆ ಬಟ್ಟೆ ಸುತ್ತಿರುತ್ತಾರೆ. ಬಿರುಕು ಬಿಟ್ಟರೆ, ಇಲಿ ಕಡಿದರೆ ಕಾಣೋದೇ ಇಲ್ಲ. ಬಿಚ್ಚಿಸಿ. ಸೋರಿಕೆ ಇದೆಯಾ ಅಂತ ಸೋಪಿನ ನೊರೆ ಹಚ್ಚಿ ನೋಡಬೇಕು, ಗುಳ್ಳೆ ಎದ್ದರೆ ಸೋರುತ್ತಿದೆ. ಬೆಂಕಿಕಡ್ಡಿ ಗೀರಿ ನೋಡುವ ಧೈರ್ಯವಂತರ ಮಾತು ಕೇಳಬೇಡಿ. ಸಿಲಿಂಡರ್ ಯಾವಾಗಲೂ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ಹಿಡಿಯ ಕೆಳಗಿನ ಪಟ್ಟಿಯ ಒಳಮೈಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ ಬರೆದಿರುತ್ತೆ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈನಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್, ಅಂಕಿ ವರ್ಷ. ಅದು ಆ ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಬೇಕಾದ ಗಡುವು. ಗಡುವು ದಾಟಿದ ಸಿಲಿಂಡರ್ ತಂದರೆ ವಾಪಸ್ ಕಳಿಸುವ ಹಕ್ಕು ನಿಮಗಿದೆ.

ಇನ್ನು ಶಾಲೆಗಳಿಗೆ, ಅಂದರೆ ನಮಗೆ. ಮಕ್ಕಳು ಒಲೆಯ ಮೇಲೆ ಅಂಗಿ ಹಿಡಿಯೋದು ಹುಡುಗಾಟಕ್ಕಲ್ಲ. ಯೂನಿಫಾರಂ ಇಲ್ಲದೆ ಬಂದರೆ ಸಾಲಿನಿಂದ ಆಚೆ ನಿಲ್ಲಿಸುತ್ತೇವೆ, ಅದಕ್ಕೆ. ಒದ್ದೆ ಹಾಕಿಕೊಂಡು ಬಂದರೆ ನೆಗಡಿ, ಹಾಕಿಕೊಳ್ಳದೆ ಬಂದರೆ ಬೈಗುಳ. ಮಧ್ಯದಲ್ಲಿ ಗ್ಯಾಸ್ ಒಲೆ. ಅಪಾಯದ ಪಾಠ ಹೇಳುವ ನಾವೇ ಅಪಾಯಕ್ಕೆ ತಳ್ಳುತ್ತಿದ್ದೇವೆ ಅನ್ನೋದು ನನ್ನ ವಾದ. ಶಿಸ್ತು ಹೋಗುತ್ತೆ ಅನ್ನುವ ಸಹೋದ್ಯೋಗಿಗಳಿಗೆ ಒಂದೇ ಪ್ರಶ್ನೆ: ಸತತ ಮೋಡ ಕವಿದ ದಿನ ಬಣ್ಣದ ಬಟ್ಟೆಯಲ್ಲಿ ಕೂತರೆ ಗುಣಾಕಾರ ತಪ್ಪುತ್ತದೆಯೇ? ಎರಡನೇ ದಿನವೂ ಬಿಸಿಲು ಬಾರದಿದ್ದರೆ ಯಾವ ಒಣ ಬಟ್ಟೆಯಾದರೂ ಸರಿ ಅಂತ ಹಿಂದಿನ ದಿನ ಸಂಜೆಯೇ ಶಾಲೆ ಬಿಡುವಾಗ ಹೇಳಿ ಕಳಿಸಬೇಕು. ಬೆಳಗ್ಗೆ ಹೇಳಿದರೆ ಏನೂ ಪ್ರಯೋಜನ ಇಲ್ಲ, ಅಷ್ಟು ಹೊತ್ತಿಗೆ ಒಲೆ ಹಚ್ಚಿ ಆಗಿರುತ್ತೆ. ಇದನ್ನು ಸಂಘದ ಮುಂದಿನ ಸಭೆಯಲ್ಲಿ ಎತ್ತುತ್ತೇನೆ. ನೀವು ಅಷ್ಟರೊಳಗೆ ನಿಮ್ಮ ಮನೆಯ ಪೈಪಿನ ಮೇಲಿರುವ ವರ್ಷ, ಸಿಲಿಂಡರಿನ ಅಕ್ಷರ ಮತ್ತು ಅಂಕಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬನ್ನಿ. ಪೈಪಿನ ಮೇಲೆ ವರ್ಷವೇ ಇಲ್ಲದಿದ್ದರೆ ಅದನ್ನೂ ಬರೆಯಿರಿ.